ಪಾರ್ಕಿನ ಬೆಂಚಿನ ಮೇಲೆ ಸಿಕ್ಕ ಗಣಿತಜ್ಞ: ಸ್ಟೆಫಾನ್ ಬನಾಖ್

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಫೋನ್ ಮಾಡಿದಾಗ, ಎಲ್ಲ ಹಳೆಯ ವಿದ್ಯಾರ್ಥಿಗಳಂತೆ ನಾನೂ ಶಾಲೆಯ ನೆನಪುಗಳನ್ನೇ ಬರೆಯಬೇಕೆಂದಿದ್ದೆ. ಆದರೆ ಆ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ನಾನು ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವನು. ಆ ಕೆಲಸದ ನಡುವೆ ಪರಿಚಯವಾದ ಒಬ್ಬ ಗಣಿತಜ್ಞರ ಬದುಕನ್ನು ಈಗ ಶಾಲೆಯಲ್ಲಿ ಓದುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ ಹೇಳೋಣ ಅನಿಸಿತು.

ಇಂಜಿನಿಯರಿಂಗ್ ಓದುವಾಗ ಗಾಸ್-ಸೈಡೆಲ್ ಎಂಬ ಒಂದು ವಿಧಾನ ಕಲಿತಿದ್ದೆವು. ಸಮೀಕರಣಗಳಿಗೆ ಮೊದಲು ಸುಮ್ಮನೆ ಒಂದು ಊಹೆಯ ಉತ್ತರ ಹಾಕುವುದು, ಅದರಿಂದ ಮುಂದಿನ ಉತ್ತರ, ಅದರಿಂದ ಇನ್ನೊಂದು. ಸಂಖ್ಯೆ ಬದಲಾಗುವುದು ನಿಂತಾಗ ಅದೇ ಉತ್ತರ. ಪರೀಕ್ಷೆಯಲ್ಲಿ ಸರಿಯಾಗಿಯೇ ಬಿಡಿಸಿದ್ದೆ, ಆದರೆ ಅದು ಯಾಕೆ ನಿಲ್ಲುತ್ತದೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಕೆಲಸಕ್ಕೆ ಸೇರಿ ಕೆಲವು ವರ್ಷಗಳಾದ ಮೇಲೆ ನಾನೇ ಬರೆದ ಒಂದು ಪ್ರೋಗ್ರಾಮ್ ನಿಲ್ಲದೆ ಎರಡು ದಿನ ಸುತ್ತುತ್ತಲೇ ಉಳಿಯಿತು. ಕಾರಣ ಹುಡುಕುತ್ತಾ ಹೋದಾಗ ಸಿಕ್ಕ ಹೆಸರು ಬನಾಖ್. ಇಂಗ್ಲಿಷ್ ಅಕ್ಷರ ನೋಡಿ ಬಹಳ ದಿನ ಬನಾಚ್ ಎಂದೇ ಓದುತ್ತಿದ್ದೆ. ಪೋಲಿಷ್ ಭಾಷೆಯಲ್ಲಿ ಅದು ಬನಾಖ್.

ಅವನು ಹುಟ್ಟಿದ್ದು 1892ರ ಮಾರ್ಚ್ 30ರಂದು, ಕ್ರಾಕೋವ್ ನಗರದಲ್ಲಿ. ಆಗ ಪೋಲೆಂಡ್ ಎಂಬ ದೇಶವೇ ಭೂಪಟದಲ್ಲಿರಲಿಲ್ಲ. ಆ ಭಾಗ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿತ್ತು. ತಂದೆ ಸ್ಟೆಫಾನ್ ಗ್ರೆಚೆಕ್ ಸೈನ್ಯದಲ್ಲಿದ್ದವರು. ತಾಯಿಯ ಹೆಸರು ಕತಾರ್ಜಿನಾ ಬನಾಖ್ ಎಂದು ಜನನ ದಾಖಲೆಯಲ್ಲಿದೆ. ಇಬ್ಬರಿಗೂ ಮದುವೆಯಾಗಿರಲಿಲ್ಲ. ಮಗುವಿಗೆ ನಾಲ್ಕು ದಿನವಾದಾಗ ಚರ್ಚಿನಲ್ಲಿ ಹೆಸರಿಟ್ಟರು, ಆಮೇಲೆ ತಾಯಿ ಅವನ ಬಾಳಿನಲ್ಲಿ ಮತ್ತೆ ಕಾಣಿಸಲಿಲ್ಲ. ತಂದೆಯ ಹೆಸರು, ತಾಯಿಯ ಅಡ್ಡಹೆಸರು ಎರಡೂ ಸಿಕ್ಕಿದ ಹುಡುಗ ಇಬ್ಬರ ಮನೆಯಲ್ಲೂ ಬೆಳೆಯಲಿಲ್ಲ. ಅವನನ್ನು ಸಾಕಿದ್ದು ಕ್ರಾಕೋವ್‌ನಲ್ಲಿ ಲಾಂಡ್ರಿಯ ದುಡಿಮೆಯಿಂದ ಬದುಕುತ್ತಿದ್ದ ಫ್ರಾಂಚಿಷ್ಕಾ ಎಂಬ ಹೆಂಗಸು ಮತ್ತು ಆಕೆಯ ಮಗಳು ಮಾರಿಯಾ. ದೊಡ್ಡವನಾದ ಮೇಲೆ ತಾಯಿ ಯಾರೆಂದು ಕೇಳಿದರೂ ತಂದೆ ಬಾಯಿ ಬಿಡಲಿಲ್ಲ. ಆ ಮನೆಯ ಪರಿಚಯದ ಜೂಲಿಯುಷ್ ಮಿಯೆನ್ ಎಂಬ ಫ್ರೆಂಚ್ ಮೂಲದವರು ಹುಡುಗನಿಗೆ ಫ್ರೆಂಚ್ ಕಲಿಸಿದರು. ಮುಂದೆ ಅವನು ತನ್ನ ಮುಖ್ಯ ಗ್ರಂಥವನ್ನು ಜಗತ್ತಿಗೆ ತಲುಪಿಸಿದ್ದು ಅದೇ ಭಾಷೆಯಲ್ಲಿ. ಮನೆಯಲ್ಲಿ ಕೊಂಕಣಿಯನ್ನೋ ಮರಾಠಿಯನ್ನೋ ಉರ್ದುವನ್ನೋ ಆಡುತ್ತಾ ಶಾಲೆಯಲ್ಲಿ ಕನ್ನಡ ಓದಿದ ನಮ್ಮ ಕಡೆಯ ಮಕ್ಕಳಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ.

ಶಾಲೆಯಲ್ಲಿ ಮೊದಮೊದಲು ಒಳ್ಳೆಯ ಅಂಕ ಬರುತ್ತಿದ್ದವು. ಮೇಲಿನ ತರಗತಿಗಳಲ್ಲಿ ಗಣಿತ ಬಿಟ್ಟು ಬೇರೆ ಯಾವುದರ ಮೇಲೂ ಮನಸ್ಸಿಲ್ಲದೆ ಅಂಕ ಇಳಿದವು. 1910ರಲ್ಲಿ ಹೇಗೋ ಪಾಸಾದ. ಆಗ ಅವನೂ ಅವನ ಗೆಳೆಯ ವಿಟೋಲ್ಡ್ ವಿಲ್ಕೋಷ್ ಎಂಬವನೂ ಸೇರಿ ಒಂದು ತೀರ್ಮಾನಕ್ಕೆ ಬಂದಿದ್ದರು: ಗಣಿತದಲ್ಲಿ ಕಂಡುಹಿಡಿಯುವಂಥ ಹೊಸದು ಏನೂ ಉಳಿದಿಲ್ಲ. ಆದ್ದರಿಂದ ಗೆಳೆಯ ಪೂರ್ವದೇಶದ ಭಾಷೆಗಳನ್ನು ಓದಲು ಹೋದ, ಬನಾಖ್ ಇಂಜಿನಿಯರಿಂಗ್ ಓದಲು ಲ್ವೂವ್ ನಗರದ ಪಾಲಿಟೆಕ್ನಿಕ್‌ಗೆ ಹೋದ. (ಆ ಊರು ಈಗ ಯುಕ್ರೇನ್‌ನಲ್ಲಿದೆ, ಹೆಸರು ಲ್ವಿವ್.) ಗಣಿತಕ್ಕೆ ಹೋಗದೆ ಇಂಜಿನಿಯರಿಂಗ್‌ಗೆ ಹೋದವರು ನಮ್ಮಲ್ಲೂ ಬೇಕಾದಷ್ಟು ಜನರಿದ್ದೇವೆ, ಆದರೆ ನಮ್ಮ ಕಾರಣ ಅಷ್ಟು ದೊಡ್ಡದಾಗಿರಲಿಲ್ಲ. ತಂದೆಯಿಂದ ಹಣ ಬರುತ್ತಿರಲಿಲ್ಲ. ಟ್ಯೂಷನ್ ಹೇಳಿಕೊಟ್ಟು ಓದಬೇಕಿದ್ದರಿಂದ ಓದು ಎಳೆಯಿತು. 1914ರ ಹೊತ್ತಿಗೆ ಕೋರ್ಸಿನ ಅರ್ಧದ ಪರೀಕ್ಷೆ ಮಾತ್ರ ಮುಗಿದಿತ್ತು. ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಎಡಗಣ್ಣಿನ ದೃಷ್ಟಿ ಮಂದವಾಗಿದ್ದರಿಂದ ಸೈನ್ಯಕ್ಕೆ ತೆಗೆದುಕೊಳ್ಳಲಿಲ್ಲ. ರಸ್ತೆ ಕೆಲಸದ ಮೇಸ್ತ್ರಿಯಾಗಿ ದುಡಿದು, ಕ್ರಾಕೋವ್‌ಗೆ ವಾಪಸಾಗಿ ಮತ್ತೆ ಮಕ್ಕಳಿಗೆ ಪಾಠ ಹೇಳತೊಡಗಿದ. ಡಿಗ್ರಿ ಕೊನೆಗೂ ಮುಗಿಯಲಿಲ್ಲ.

1916ರ ಬೇಸಿಗೆಯ ಒಂದು ಸಂಜೆ ಹುಗೋ ಸ್ಟೈನ್‌ಹೌಸ್ ಎಂಬ ಗಣಿತಜ್ಞರು ಕ್ರಾಕೋವ್‌ನ ಪಾರ್ಕಿನಲ್ಲಿ ನಡೆದು ಹೋಗುತ್ತಿದ್ದರು. ಒಂದು ಬೆಂಚಿನ ಕಡೆಯಿಂದ ಲೆಬೆಗ್ ಇಂಟಿಗ್ರಲ್ ಎಂಬ ಮಾತು ಕಿವಿಗೆ ಬಿತ್ತು. ಫ್ರಾನ್ಸಿನ ಲೆಬೆಗ್ ಎಂಬವರು ಆ ಶತಮಾನದ ಆರಂಭದಲ್ಲಿ ಕೊಟ್ಟಿದ್ದ ಹೊಸ ವಿಚಾರ ಅದು. ವಿಶ್ವವಿದ್ಯಾಲಯದ ಹೊರಗೆ ಕೇಳಿಬರುವಂಥದ್ದಲ್ಲ. ಸ್ಟೈನ್‌ಹೌಸ್ ಹತ್ತಿರ ಹೋಗಿ ಪರಿಚಯ ಮಾಡಿಕೊಂಡರು. ಕುಳಿತಿದ್ದವರು ಬನಾಖ್ ಮತ್ತು ಒಟ್ಟೊ ನಿಕೊದಿಮ್, ಇಬ್ಬರೂ ಯುವಕರು. ತಾವು ಬಹಳ ದಿನಗಳಿಂದ ಹಿಡಿದು ಕುಳಿತಿದ್ದ, ಫೂರಿಯೆ ಶ್ರೇಣಿಗೆ ಸಂಬಂಧಿಸಿದ ಒಂದು ಸಮಸ್ಯೆಯನ್ನು ಸ್ಟೈನ್‌ಹೌಸ್ ಅವರಿಗೆ ಹೇಳಿದರು. ಕೆಲವೇ ದಿನಗಳಲ್ಲಿ ಬನಾಖ್ ಉತ್ತರ ಹಿಡಿದುಕೊಂಡು ಬಂದರು. ಅದು ಇಬ್ಬರ ಹೆಸರಿನಲ್ಲಿ 1918ರಲ್ಲಿ ಅಚ್ಚಾಯಿತು. ತಮ್ಮ ಗಣಿತದ ಸಂಶೋಧನೆಗಳಲ್ಲೆಲ್ಲ ದೊಡ್ಡದು ಬನಾಖ್ ಎಂದು ಸ್ಟೈನ್‌ಹೌಸ್ ಮುಂದೆ ಹೇಳಿಕೊಳ್ಳುತ್ತಿದ್ದರು.

1920ರಲ್ಲಿ ಲ್ವೂವ್ ಪಾಲಿಟೆಕ್ನಿಕ್‌ನಲ್ಲಿ ಅಂತೋನಿ ಲೋಮ್ನಿಟ್ಸ್ಕಿ ಎಂಬ ಪ್ರಾಧ್ಯಾಪಕರು ಅವರನ್ನು ಸಹಾಯಕರಾಗಿ ನೇಮಿಸಿಕೊಂಡರು. ಅದೇ ವರ್ಷ ಅವರು ಡಾಕ್ಟರೇಟ್ ಪ್ರಬಂಧ ಒಪ್ಪಿಸಿದರು. ಗಣಿತದಲ್ಲಿ ಯಾವ ಪದವಿಯೂ ಇಲ್ಲದವರಿಗೆ ಡಾಕ್ಟರೇಟ್ ಕೊಡಲು ನಿಯಮ ಇರಲಿಲ್ಲ, ವಿಶ್ವವಿದ್ಯಾಲಯ ಇವರಿಗಾಗಿ ನಿಯಮ ಸಡಿಲಿಸಿತು. 1922ರಲ್ಲಿ ಅಚ್ಚಾದ ಆ ಪ್ರಬಂಧದಲ್ಲಿಯೇ ನನ್ನ ಪ್ರೋಗ್ರಾಮಿನ ಪ್ರಶ್ನೆಗೆ ಉತ್ತರವಿತ್ತು. ಅದನ್ನು ಒಂದು ನಕ್ಷೆಯಿಂದ ಹೇಳಬಹುದು.

ಶಾಲೆಯ ಒಂದು ಕೋಣೆಯ ನೆಲದ ಮೇಲೆ ಉತ್ತರ ಕನ್ನಡ ಜಿಲ್ಲೆಯ ನಕ್ಷೆಯನ್ನು ಹಾಸಿ. ಒಂದು ಸೆಂಟಿಮೀಟರಿಗೆ ಎರಡೂವರೆ ಕಿಲೋಮೀಟರ್ ಎನ್ನುವ ಅಳತೆಯ ನಕ್ಷೆ ಎನ್ನಿ. ಆ ನಕ್ಷೆಯಲ್ಲಿ ಒಂದು ಬಿಂದು, ಒಂದೇ ಒಂದು ಬಿಂದು, ತಾನು ಸೂಚಿಸುವ ಜಾಗದ ಮೇಲೆಯೇ ಸರಿಯಾಗಿ ಕುಳಿತಿರುತ್ತದೆ. ನಕ್ಷೆಯನ್ನು ಓರೆಯಾಗಿ ಹಾಸಿ, ತಿರುಗಿಸಿ ಹಾಸಿ, ಅಂಥ ಬಿಂದು ಇದ್ದೇ ಇರುತ್ತದೆ. ಹುಡುಕುವುದು ಹೇಗೆ? ಮುಂಡಗೋಡದ ಮೇಲೆ ಬೆರಳಿಡಿ. ಬೆರಳು ಈಗ ಇರುವುದು ನಿಜವಾಗಿ ನಮ್ಮ ಶಾಲೆಯ ಕೋಣೆಯಲ್ಲಿ. ಆದ್ದರಿಂದ ನಕ್ಷೆಯಲ್ಲಿ ಆ ಕೋಣೆಯ ಜಾಗಕ್ಕೆ ಬೆರಳು ಸರಿಸಿ. ಈಗ ಬೆರಳಿನ ಕೆಳಗಿರುವ ನೆಲದ ಜಾಗವನ್ನು ಮತ್ತೆ ನಕ್ಷೆಯಲ್ಲಿ ಹುಡುಕಿ ಸರಿಸಿ. ಮೂರನೆಯ ಸಲಕ್ಕೆ ಬೆರಳು ಅಲುಗಿದ್ದು ಕಣ್ಣಿಗೆ ಕಾಣುವುದಿಲ್ಲ. ಯಾಕೆಂದರೆ 25 ಕಿ.ಮೀ. ದೂರ ಮೊದಲ ಹೆಜ್ಜೆಗೆ 10 ಸೆಂಟಿಮೀಟರ್ ಆಗುತ್ತದೆ, ಎರಡನೆಯ ಹೆಜ್ಜೆಗೆ 0.0004 ಮಿಲಿಮೀಟರ್. ಮುಂಡಗೋಡದ ಬದಲು ಜೋಯಿಡಾದಿಂದಲೋ ಹಳಿಯಾಳದಿಂದಲೋ ಹೊರಟರೂ ತಲುಪುವುದು ಅದೇ ಬಿಂದುವಿಗೆ.

ಬನಾಖ್ ಕೇಳುವ ಷರತ್ತು ಎರಡು. ಪ್ರತಿ ಹೆಜ್ಜೆಗೂ ದೂರ ಒಂದಕ್ಕಿಂತ ಕಡಿಮೆಯಾದ ಒಂದು ನಿಶ್ಚಿತ ಪ್ರಮಾಣದಲ್ಲಿ ಕುಗ್ಗಬೇಕು. ಮತ್ತು ನಾವು ನಡೆಯುವ ಜಾಗದಲ್ಲಿ ತೂತು ಇರಬಾರದು. ತೂತು ಎಂದರೆ, ಹತ್ತನೆಯ ತರಗತಿಯಲ್ಲಿ 2ರ ವರ್ಗಮೂಲ ಭಾಗಲಬ್ಧವಲ್ಲ ಎಂದು ಸಾಧಿಸುತ್ತೇವಲ್ಲ, ಅದು. 1.4, 1.41, 1.414 ಎಂದು ಭಾಗಲಬ್ಧ ಸಂಖ್ಯೆಗಳ ಮೇಲೆಯೇ ಕಾಲಿಟ್ಟು ಎಷ್ಟು ಹತ್ತಿರ ಹೋದರೂ ಮುಟ್ಟಬೇಕಾದ ಸಂಖ್ಯೆ ಆ ಗುಂಪಿನಲ್ಲಿ ಇರುವುದೇ ಇಲ್ಲ. ನನ್ನ ಪ್ರೋಗ್ರಾಮಿನಲ್ಲಿ ತಪ್ಪಿದ್ದು ಮೊದಲನೆಯ ಷರತ್ತು. ಪ್ರತಿ ಸುತ್ತಿಗೂ ದೂರ ಕುಗ್ಗುವ ಬದಲು ಚೂರುಚೂರೇ ಹಿಗ್ಗುತ್ತಿತ್ತು. ಸಾಲುಗಳ ಕ್ರಮ ಬದಲಾಯಿಸಿದೆ, ನಿಂತಿತು.

ಇಲ್ಲಿಯವರೆಗಿನದು ನಕ್ಷೆ, ಸಂಖ್ಯೆ. ಬನಾಖ್ ಅವರ ದೊಡ್ಡ ಕೆಲಸ ಇನ್ನೊಂದು. ಬಿಂದು ಎನ್ನುವ ಕಡೆ ಅವರು ಒಂದು ಇಡೀ ಗೆರೆಯನ್ನು, ಅಂದರೆ ಒಂದು ಫಂಕ್ಷನ್ನನ್ನು ತಂದು ಇಟ್ಟರು. ಗಣೇಶಗುಡಿಯ ಸೂಪಾ ಜಲಾಶಯವನ್ನು ನೆನೆಯಿರಿ. (ಮುಳುಗಿದ ಹಳೆಯ ಸೂಪಾ ಊರನ್ನು ನೆನೆಯುವ ಹಿರಿಯರು ಜೋಯಿಡಾ ಕಡೆ ಇನ್ನೂ ಇದ್ದಾರೆ.) ಒಂದು ವರ್ಷ ಕಾಳಿ ನದಿಯ ನೀರು ದಿನದಿನಕ್ಕೆ ಎಷ್ಟು ಹರಿದು ಬಂತು ಎಂದು ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದರೆ ಆ ಇಡೀ ಗೆರೆ ಒಂದು ಬಿಂದು. ಮರುವರ್ಷದ ಗೆರೆ ಇನ್ನೊಂದು ಬಿಂದು. ಎರಡು ಗೆರೆಗಳು ಅತಿ ಹೆಚ್ಚು ಬೇರೆಯಾಗಿರುವ ಕಡೆ ಎಷ್ಟು ಅಂತರವಿದೆಯೋ ಅದೇ ಆ ಎರಡು ಬಿಂದುಗಳ ನಡುವಿನ ದೂರ. ಹೀಗೆ ಅಳತೆ ಇರುವ, ಕೂಡಬಹುದಾದ, ತೂತಿಲ್ಲದ ಲೋಕಗಳನ್ನು ಇಂದು ಬನಾಖ್ ಸ್ಪೇಸ್ ಎನ್ನುತ್ತಾರೆ. ಅವರು ಮಾತ್ರ ತಮ್ಮ ಪುಸ್ತಕದಲ್ಲಿ ಸಂಕೋಚದಿಂದಲೋ ಏನೋ ಬಿ ಮಾದರಿಯ ಸ್ಪೇಸ್ ಎಂದಷ್ಟೇ ಬರೆದರು. ಒಂದು ಗೆರೆಯನ್ನು ತೆಗೆದುಕೊಂಡು ಇನ್ನೊಂದು ಗೆರೆಯನ್ನು ಕೊಡುವ ಯಂತ್ರಕ್ಕೆ ಆಪರೇಟರ್ ಎಂದು ಹೆಸರು. ಒಳಹರಿವಿನ ಗೆರೆಯಿಂದ ಒಟ್ಟು ಸೇರಿದ ನೀರಿನ ಗೆರೆಯನ್ನು ಲೆಕ್ಕ ಹಾಕಿದರೆ ಅದೂ ಒಂದು ಆಪರೇಟರ್.

ಈ ಲೋಕದಲ್ಲಿ ಒಂದು ತೊಂದರೆಯಿದೆ. ಒಂದು ತರಗತಿಯ ಕೋಣೆಯೊಳಗೆ, ಒಬ್ಬರಿಂದೊಬ್ಬರು ಒಂದು ಮೊಳ ದೂರ ನಿಲ್ಲುವಂತೆ, ಲೆಕ್ಕವಿಲ್ಲದಷ್ಟು ಮಕ್ಕಳನ್ನು ನಿಲ್ಲಿಸಲಾಗದು. ಎಲ್ಲೋ ಒಂದು ಕಡೆ ಒತ್ತಾಗಲೇಬೇಕು. ಹೀಗೆ ಒತ್ತಾಗಲೇಬೇಕಾದ ಗುಣಕ್ಕೆ ಕಾಂಪ್ಯಾಕ್ಟ್ ಎನ್ನುತ್ತಾರೆ. ಗೆರೆಗಳ ಲೋಕದಲ್ಲಿ ಕೋಣೆ ಚಿಕ್ಕದಾಗಿದ್ದರೂ ಒತ್ತಾಗದೆ ನಿಲ್ಲಬಹುದು. ಒಂದು ಗೆರೆಯಲ್ಲಿ ಜೂನ್‌ನಲ್ಲಿ ಮಾತ್ರ ಒಂದು ಏರು, ಇನ್ನೊಂದರಲ್ಲಿ ಜುಲೈಯಲ್ಲಿ ಅದಕ್ಕಿಂತ ಸಪೂರಾದ ಒಂದು ಏರು, ಮತ್ತೊಂದರಲ್ಲಿ ಬೇರೊಂದು ದಿನ ಇನ್ನೂ ಸಪೂರಾದ ಏರು, ಹೀಗೆ ಕೊನೆಯಿಲ್ಲದೆ ಎಳೆಯುತ್ತಾ ಹೋಗಿ. ಎಲ್ಲ ಏರುಗಳ ಎತ್ತರವೂ ಒಂದೇ ಇರಲಿ. ಯಾವ ಎರಡು ಗೆರೆ ತೆಗೆದುಕೊಂಡರೂ ಅವುಗಳ ದೂರ ಅಷ್ಟಕ್ಕಷ್ಟೇ. ಒಂದೂ ಇನ್ನೊಂದರ ಹತ್ತಿರ ಬರುವುದಿಲ್ಲ. ಕೊನೆಯಿಲ್ಲದ ಆಯಾಮಗಳಲ್ಲಿ ಹೀಗಾಗಿಯೇ ತೀರುತ್ತದೆ ಎಂದು ಹಂಗೇರಿಯ ಫ್ರಿಜೆಶ್ ರೀಸ್ ಮೊದಲೇ ತೋರಿಸಿದ್ದರು.

ಆದರೆ ಆ ಗೆರೆಗಳನ್ನೇ ಜಲಾಶಯದ ಆಪರೇಟರ್‌ಗೆ ಹಾಕಿ ನೋಡಿ. ಸಪೂರಾದ ಏರಿನಿಂದ ಸೇರುವ ನೀರು ಸ್ವಲ್ಪ, ಇನ್ನೂ ಸಪೂರಾದರೆ ಇನ್ನೂ ಸ್ವಲ್ಪ. ನದಿ ಎಷ್ಟು ಕುಣಿದರೂ ಜಲಾಶಯ ಹಾಗೆ ಕುಣಿಯುವುದಿಲ್ಲ. ಬಿಡಿಬಿಡಿಯಾಗಿ ನಿಂತಿದ್ದ ಗೆರೆಗಳೆಲ್ಲ ಆ ಕಡೆಯಿಂದ ಒತ್ತಾಗಿ ಹೊರಬರುತ್ತವೆ. ಇದು ಕಾಂಪ್ಯಾಕ್ಟ್ ಆಪರೇಟರ್. ನನ್ನಂಥವರಿಗೆ ಇದು ಯಾಕೆ ಬೇಕೆಂದರೆ, ಕಂಪ್ಯೂಟರ್ ಕೊನೆಯಿಲ್ಲದ ಗೆರೆಯನ್ನು ಹಿಡಿದುಕೊಳ್ಳಲಾರದು. ಅದಕ್ಕೆ ನೂರೋ ಲಕ್ಷವೋ ಸಂಖ್ಯೆಗಳನ್ನಷ್ಟೇ ಕೊಡಬಹುದು. ಒತ್ತಾಗುವ ಕಡೆ ಆ ಲಕ್ಷ ಸಂಖ್ಯೆಗಳು ಸಾಕಾಗುವ ಭರವಸೆ ಇರುತ್ತದೆ, ಒತ್ತಾಗದ ಕಡೆ ಇರುವುದಿಲ್ಲ. ಆ ಭರವಸೆ ಎಲ್ಲ ಬನಾಖ್ ಸ್ಪೇಸ್‌ಗಳಲ್ಲೂ ನಿಲ್ಲುತ್ತದೆಯೇ? ಈ ಪ್ರಶ್ನೆಗೆ ಲೇಖನದ ಕೊನೆಯಲ್ಲಿ ಬರುತ್ತೇನೆ.

ಪ್ರಾಧ್ಯಾಪಕರಾದ ಮೇಲೂ ಬನಾಖ್ ಅವರಿಗೆ ಹಣದ ಅಡಚಣೆ ತಪ್ಪಲಿಲ್ಲ. ಕೈ ದೊಡ್ಡದು. ಖರ್ಚು ತೂಗಿಸಲು ಹೈಸ್ಕೂಲ್ ಮಕ್ಕಳ ಅಂಕಗಣಿತ, ಬೀಜಗಣಿತದ ಪಠ್ಯಪುಸ್ತಕಗಳನ್ನು ಬರೆದರು. 1929ರಲ್ಲಿ ಸ್ಟೈನ್‌ಹೌಸ್ ಜೊತೆ ಸೇರಿ ಸ್ಟೂಡಿಯಾ ಮ್ಯಾಥಮ್ಯಾಟಿಕಾ ಎಂಬ ಪತ್ರಿಕೆ ಶುರು ಮಾಡಿದರು, ಅದು ಇಂದಿಗೂ ನಡೆಯುತ್ತಿದೆ. 1932ರಲ್ಲಿ ಲೀನಿಯರ್ ಆಪರೇಟರ್‌ಗಳ ಮೇಲಿನ ಅವರ ಗ್ರಂಥ ಫ್ರೆಂಚ್ ಭಾಷೆಯಲ್ಲಿ ಬಂತು. ನಮ್ಮಲ್ಲಿ ಎಂ.ಎಸ್ಸಿ. ಗಣಿತಕ್ಕೆ ಹೋದವರು ಫಂಕ್ಷನಲ್ ಅನಾಲಿಸಿಸ್ ಎಂಬ ಪತ್ರಿಕೆಯಲ್ಲಿ ಓದುವ ಹಾನ್-ಬನಾಖ್, ಬನಾಖ್-ಸ್ಟೈನ್‌ಹೌಸ್ ಪ್ರಮೇಯಗಳೆಲ್ಲ ಅದರಲ್ಲಿವೆ.

ಅವರು ಕೆಲಸ ಮಾಡುತ್ತಿದ್ದ ಜಾಗ ಆಫೀಸಲ್ಲ, ವಿಶ್ವವಿದ್ಯಾಲಯದ ಹತ್ತಿರದ ಸ್ಕಾಟಿಷ್ ಕೆಫೆ ಎಂಬ ಹೋಟೆಲು. ಗದ್ದಲದಲ್ಲೇ ಅವರಿಗೆ ಯೋಚನೆ ಓಡುತ್ತಿತ್ತು. ಸ್ಟಾನಿಸ್ಲಾವ್ ಮಜೂರ್, ಸ್ಟಾನಿಸ್ಲಾವ್ ಉಲಾಮ್ ಮೊದಲಾದ ಕಿರಿಯರು ಸುತ್ತ ಕುಳಿತು ಅಮೃತಶಿಲೆಯ ಮೇಜಿನ ಮೇಲೆಯೇ ಪೆನ್ಸಿಲಿನಿಂದ ಬರೆಯುತ್ತಿದ್ದರು. ಒಮ್ಮೆ 17 ತಾಸು ಎದ್ದೇ ಇರಲಿಲ್ಲವಂತೆ. ನಮ್ಮ ಬಸ್‌ಸ್ಟ್ಯಾಂಡಿನ ಹೋಟೆಲಿನವರಾಗಿದ್ದರೆ ಎರಡನೆಯ ಚಹಾಕ್ಕೇ ಎಬ್ಬಿಸುತ್ತಿದ್ದರು. ರಾತ್ರಿ ಮೇಜು ಒರೆಸಿದಾಗ ಸಾಧನೆಯೂ ಒರೆಸಿಹೋಗುತ್ತಿತ್ತು. ಒಂದು ದೊಡ್ಡ ಪ್ರಮೇಯವೇ ಹಾಗೆ ಹೋಯಿತೆಂಬ ಮಾತಿದೆ. ಇದನ್ನು ನೋಡಲಾರದೆ ಬನಾಖ್ ಅವರ ಪತ್ನಿ ಲೂಟ್ಸಿಯಾ 1935ರಲ್ಲಿ ಒಂದು ದಪ್ಪ ನೋಟ್‌ಬುಕ್ ತಂದುಕೊಟ್ಟರು. ಅದನ್ನು ಹೋಟೆಲಿನವರೇ ಕಾಪಾಡಿ, ಕೇಳಿದಾಗ ತಂದುಕೊಡುತ್ತಿದ್ದರು. 1935ರ ಜುಲೈ 17ರಂದು ಮೊದಲ ಸಮಸ್ಯೆ ಬರೆದವರು ಬನಾಖ್. ಬಿಡಿಸಿದವರಿಗೆ ಬಹುಮಾನವನ್ನೂ ಕೆಲವರು ಬರೆಯುತ್ತಿದ್ದರು. 1936ರ ನವೆಂಬರ್ 6ರಂದು 153ನೆಯ ಸಮಸ್ಯೆ ಬರೆದ ಮಜೂರ್, ಬಹುಮಾನವಾಗಿ ಒಂದು ಜೀವಂತ ಹೆಬ್ಬಾತು ಕೊಡುವುದಾಗಿ ಬರೆದರು.

1939ರಲ್ಲಿ ಎರಡನೆಯ ಮಹಾಯುದ್ಧ ಬಂತು. ಮೊದಲು ಲ್ವೂವ್ ಸೋವಿಯತ್ ವಶವಾಯಿತು. ಆಗಲೂ ಬನಾಖ್ ವಿಶ್ವವಿದ್ಯಾಲಯದಲ್ಲಿ ಡೀನ್ ಆಗಿ ಮುಂದುವರಿದರು. ನೋಟ್‌ಬುಕ್ಕಿನ ಕೊನೆಯ ಸಮಸ್ಯೆ 193ನೆಯದು, 1941ರ ಮೇ 31ರಂದು ಸ್ಟೈನ್‌ಹೌಸ್ ಬರೆದದ್ದು. ಜೂನ್ 30ಕ್ಕೆ ಜರ್ಮನ್ ಸೈನ್ಯ ಊರೊಳಗೆ ಬಂತು. ನಾಲ್ಕೇ ದಿನಗಳಲ್ಲಿ ಲ್ವೂವ್‌ನ ಪ್ರಾಧ್ಯಾಪಕರನ್ನು ರಾತ್ರೋರಾತ್ರಿ ಮನೆಯಿಂದ ಎಳೆದೊಯ್ದು ಗುಂಡಿಕ್ಕಿದರು. ಡಿಗ್ರಿಯಿಲ್ಲದ ಬನಾಖ್‌ಗೆ ಮೊದಲ ಕೆಲಸ ಕೊಟ್ಟ ಲೋಮ್ನಿಟ್ಸ್ಕಿ ಅವರಲ್ಲಿ ಒಬ್ಬರು. ಕಾಂಪ್ಯಾಕ್ಟ್ ಆಪರೇಟರ್‌ಗಳ ಮೇಲೆ ಆಳವಾದ ಕೆಲಸ ಮಾಡಿದ್ದ ಜೂಲಿಯುಷ್ ಶೌಡರ್ ಯಹೂದಿ. ಅವರನ್ನು 1943ರಲ್ಲಿ ಕೊಂದರು. ಸ್ಟೈನ್‌ಹೌಸ್ ಕೂಡ ಯಹೂದಿ ಮನೆತನದವರು. ಬೇರೆ ಹೆಸರಿನಲ್ಲಿ ಹಳ್ಳಿಯಲ್ಲಿ ಅಡಗಿ ಉಳಿದರು.

ಬನಾಖ್ ಉಳಿದದ್ದು ಹೇನಿನಿಂದ. ರುಡಾಲ್ಫ್ ವೈಗ್ಲ್ ಎಂಬ ವಿಜ್ಞಾನಿಯ ಸಂಸ್ಥೆಯಲ್ಲಿ ಟೈಫಸ್ ಜ್ವರಕ್ಕೆ ಲಸಿಕೆ ಮಾಡುತ್ತಿದ್ದರು. ಲಸಿಕೆಗೆ ಹೇನು ಬೇಕು, ಹೇನಿಗೆ ಮನುಷ್ಯರ ರಕ್ತ ಬೇಕು. ಜರ್ಮನ್ ಸೈನ್ಯಕ್ಕೂ ಆ ಲಸಿಕೆ ಬೇಕಾಗಿದ್ದರಿಂದ ಅಲ್ಲಿ ಕೆಲಸ ಮಾಡುವವರಿಗೆ ಒಂದು ಗುರುತುಚೀಟಿಯ ರಕ್ಷಣೆ ಇತ್ತು. ಹಾಗಾಗಿ ವೈಗ್ಲ್ ಹಲವು ವಿದ್ವಾಂಸರನ್ನು ಸೇರಿಸಿಕೊಂಡರು. ಹೇನು ತುಂಬಿದ ಪುಟ್ಟ ಡಬ್ಬಿಗಳನ್ನು ಕಾಲಿಗೆ ಕಟ್ಟಿಕೊಂಡು ರಕ್ತ ಕುಡಿಸುವುದೇ ಕೆಲಸ. ಮಳೆಗಾಲದಲ್ಲಿ ಜೋಯಿಡಾ ಕಾಡಿನಲ್ಲಿ ಓಡಾಡಿದವರಿಗೆ ಕಾಲಿಗೆ ಹತ್ತಿದ ಉಂಬಳ ಕೀಳುವ ಅಭ್ಯಾಸವಿದೆ. ಇಲ್ಲಿ ಯುರೋಪಿನ ದೊಡ್ಡ ಗಣಿತಜ್ಞರೊಬ್ಬರು ತಾವಾಗಿಯೇ ಅವನ್ನು ಕಾಲಿಗೆ ಕಟ್ಟಿಕೊಂಡು, 1944ರ ಜುಲೈಯವರೆಗೆ ಸುಮಾರು ಮೂರು ವರ್ಷ, ಹೆಂಡತಿ ಮಗನ ಹೊಟ್ಟೆ ಹೊರೆದರು.

ಯುದ್ಧ ಮುಗಿದಾಗ ಕ್ರಾಕೋವ್ ವಿಶ್ವವಿದ್ಯಾಲಯದಲ್ಲಿ ಅವರಿಗೊಂದು ಪೀಠ ಕಾದಿತ್ತು. ಹುಟ್ಟಿದ ಊರಿಗೆ ಹೋಗಲಾಗಲಿಲ್ಲ. ಶ್ವಾಸಕೋಶದ ಕ್ಯಾನ್ಸರ್‌ನಿಂದ 1945ರ ಆಗಸ್ಟ್ 31ರಂದು ಲ್ವೂವ್‌ನಲ್ಲೇ ತೀರಿಕೊಂಡರು. ವಯಸ್ಸು 53. ಪರಿಚಿತರೊಬ್ಬರ ಕುಟುಂಬದ ಸಮಾಧಿಯಲ್ಲಿ ಅವರನ್ನು ಮಣ್ಣು ಮಾಡಿದರು. ಲ್ವೂವ್ ಸೋವಿಯತ್ ಒಕ್ಕೂಟಕ್ಕೆ ಸೇರಿದ ಮೇಲೆ ಅಲ್ಲಿನ ಪೋಲಿಷ್ ಜನ ಊರು ಬಿಟ್ಟರು. ಲೂಟ್ಸಿಯಾ ಆ ನೋಟ್‌ಬುಕ್ಕನ್ನು ಜೊತೆಗೆ ಒಯ್ದರು. ಸ್ಟೈನ್‌ಹೌಸ್ ಅದನ್ನು ನಕಲು ಮಾಡಿ 1956ರಲ್ಲಿ ಅಮೆರಿಕದಲ್ಲಿದ್ದ ಉಲಾಮ್‌ಗೆ ಕಳಿಸಿದರು. ಉಲಾಮ್ ಇಂಗ್ಲಿಷಿಗೆ ತಂದು ಮರುವರ್ಷ ಹಂಚಿದರು.

ಈಗ ಆ 153ನೆಯ ಸಮಸ್ಯೆ. ಒಂದು ಚೌಕದ ಮೇಲೆ ಬಣ್ಣ ಎಲ್ಲೂ ಜಿಗಿಯದೆ ನವಿರಾಗಿ ಬದಲಾಗುವ ಒಂದು ಚಿತ್ರವಿದೆ ಎನ್ನಿ. ಅದರಿಂದಲೇ ಕೆಲವು ಅಡ್ಡಸಾಲು, ಕೆಲವು ಕಂಬಸಾಲು ಆರಿಸಿಕೊಂಡು, ಅವುಗಳನ್ನು ಗುಣಿಸಿ ಕೂಡಿಸಿ, ಇಡೀ ಚಿತ್ರವನ್ನು ಬೇಕಾದಷ್ಟು ಹತ್ತಿರವಾಗಿ ಮತ್ತೆ ಕಟ್ಟಬಹುದೇ? ಹೊರಗಿನ ಸಾಲುಗಳನ್ನು ತಂದರೆ ಕಟ್ಟಬಹುದು, ಅದು ಗೊತ್ತಿತ್ತು. ಮಜೂರ್ ಕೇಳಿದ್ದು ಚಿತ್ರದ್ದೇ ಸಾಲುಗಳಿಂದ. ಇದೇ ಪ್ರಶ್ನೆ, ನಾನು ಹಿಂದೆ ಬಿಟ್ಟು ಬಂದ ಪ್ರಶ್ನೆಯೂ ಹೌದು ಎಂದು ಅಲೆಕ್ಸಾಂಡರ್ ಗ್ರೋಥೆಂಡೀಕ್ 1955ರಲ್ಲಿ ತೋರಿಸಿದರು. ಅಂದರೆ, ಯಾವ ಬನಾಖ್ ಸ್ಪೇಸ್‌ನಲ್ಲಾದರೂ ಕಾಂಪ್ಯಾಕ್ಟ್ ಆಪರೇಟರ್ ಒಂದನ್ನು ಕೆಲವೇ ಸಂಖ್ಯೆಗಳಿಂದ ನಡೆಯುವ ಆಪರೇಟರ್‌ಗಳಿಂದ ಬೇಕಾದಷ್ಟು ಹತ್ತಿರ ಹಿಡಿಯಬಹುದೇ ಎಂಬುದು. ನಾವು ದಿನನಿತ್ಯ ಬಳಸುವ ಸ್ಪೇಸ್‌ಗಳಲ್ಲಿ ಹೌದು. ಎಲ್ಲ ಕಡೆಯೂ ಹೌದೇ ಇರಬೇಕೆಂದು ಬಹಳ ಜನ ಅಂದುಕೊಂಡಿದ್ದರು.

1972ರಲ್ಲಿ ಸ್ವೀಡನ್ನಿನ ಪೆರ್ ಎನ್‌ಫ್ಲೊ, ಹಾಗೆ ಹಿಡಿಯಲಾಗದ ಒಂದು ಬನಾಖ್ ಸ್ಪೇಸ್ ಕಟ್ಟಿ ತೋರಿಸಿದರು. ಉತ್ತರ, ಇಲ್ಲ. ಅದೇ ವರ್ಷ ವಾರ್ಸಾದಲ್ಲಿ ಮಜೂರ್, ತಾವು 36 ವರ್ಷಗಳ ಹಿಂದೆ ಹೋಟೆಲಿನ ಮೇಜಿನಲ್ಲಿ ಬರೆದುಕೊಟ್ಟಿದ್ದ ಮಾತಿನಂತೆ, ಬುಟ್ಟಿಯಲ್ಲಿಟ್ಟ ಜೀವಂತ ಹೆಬ್ಬಾತನ್ನು ಎನ್‌ಫ್ಲೊ ಕೈಗೆ ಕೊಟ್ಟರು. ಆಗ ಬನಾಖ್ ತೀರಿಕೊಂಡು 27 ವರ್ಷಗಳಾಗಿದ್ದವು.